ಭಟ್ಟಿಯೊಳಗಣ ಆವಿ

ಒಲೆಯ ಮೇಲೆ ಬೇಯುತ್ತಿರುವ ಅನ್ನದ ಪಾತ್ರೆಯ ಮುಚ್ಚಳವನ್ನು ತೆಗೆದು ಓರೆಯಾಗಿ ಹಿಡಿದರೆ ಅದರ ಒಳಮೈಯಿಂದ ನೀರು ತೊಟ್ಟಿಕ್ಕುವುದನ್ನು ನಾವೆಲ್ಲರೂ ನೋಡಿರುವೆವು. ಕುದಿದ ನೀರು ಆವಿಯಾಗಿ ಮೇಲೇರಿ, ತಣ್ಣಗಿನ ಲೋಹವನ್ನು ಮುಟ್ಟಿ, ಮರಳಿ ನೀರಾಯಿತು. ಭಟ್ಟಿಯಿಳಿಸುವ ವಿದ್ಯೆಯ ಸಾರ ಇಷ್ಟೇ. ನಮ್ಮ ರಸಶಾಸ್ತ್ರಜ್ಞರು ವರ್ಣಿಸಿರುವ ತಿರ್ಯಕ್ಪಾತನ ಯಂತ್ರವೂ, ಕಳ್ಳಭಟ್ಟಿಯವನು ಮರೆಯಲ್ಲಿ ಹೂಡುವ ಗಡಿಗೆಯೂ, ರಸಾಯನಶಾಲೆಯ ಗಾಜಿನ ನಳಿಗೆಯೂ ಒಂದೇ ತತ್ತ್ವವನ್ನು ಅನುಸರಿಸುವುವು. ಈ ತತ್ತ್ವವನ್ನು ಅರೆಬರೆಯಾಗಿ ತಿಳಿದುದರಿಂದ ಪ್ರಾಣಹಾನಿಯೂ ಆಗಿರುವುದುಂಟು. ಆದುದರಿಂದ ಅದನ್ನು ಕೊಂಚ ವಿಚಾರಮಾಡೋಣ.

ಶುದ್ಧವಾದ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದು. ಮದ್ಯಸಾರವು ಸುಮಾರು 78 ಡಿಗ್ರಿಯಲ್ಲಿ. ಹಾಗಾದರೆ ಇವೆರಡರ ಮಿಶ್ರಣವನ್ನು 78 ಡಿಗ್ರಿಗೆ ಕಾಯಿಸಿದೊಡನೆ ಮದ್ಯಸಾರವೆಲ್ಲವೂ ಹೊರಟುಹೋಗಿ ನೀರು ಮಾತ್ರ ಉಳಿಯಬೇಕಲ್ಲವೆ ಎಂದು ಅನೇಕರು ಭಾವಿಸುವರು. ಪ್ರಕೃತಿಯು ಅಷ್ಟು ಸರಳವಾಗಿ ವರ್ತಿಸುವುದಿಲ್ಲ. ನೂರಕ್ಕೆ ಹತ್ತು ಪಾಲು ಮದ್ಯಸಾರವುಳ್ಳ ದ್ರವವು ಕುದಿಯುವುದು ಸುಮಾರು 92 ಡಿಗ್ರಿಯಲ್ಲಿ. ಅದರಿಂದೇಳುವ ಆವಿಯಲ್ಲಿ ಹೆಚ್ಚು ಕಡಮೆ ಅರ್ಧ ಮದ್ಯಸಾರ, ಉಳಿದರ್ಧ ನೀರು. ಆವಿಯು ಕೆಳಗಿನ ದ್ರವಕ್ಕಿಂತ ಸಾರವತ್ತಾದುದು ನಿಜ, ಆದರೆ ಶುದ್ಧವಾದುದಲ್ಲ. ಪಾತ್ರೆಯ ಕೊರಳಿನಲ್ಲಿ ಆವಿಯ ಒಂದಂಶ ತಣಿದು ಹಿಂದಕ್ಕೆ ಹರಿಯುವಾಗ ನೀರೇ ಹೆಚ್ಚಾಗಿ ಮರಳುವುದರಿಂದ, ಮುಂದೆ ಸಾಗುವ ಆವಿ ಇನ್ನಷ್ಟು ಸಾರವತ್ತಾಗುವುದು. ಎಷ್ಟು ಬಾರಿ ಹೀಗೆ ಮಾಡಿದರೂ ತೂಕದಲ್ಲಿ ನೂರಕ್ಕೆ 95.6 ಪಾಲು ಮುಟ್ಟಿದಮೇಲೆ ದ್ರವವೂ ಆವಿಯೂ ಒಂದೇ ಪ್ರಮಾಣದವಾಗಿ, ಬರಿಯ ಕುದಿಸುವಿಕೆ ನಿಷ್ಫಲವಾಗುವುದು.

ಇನ್ನು ಆವಿ ತಣಿಯುವ ಬಗೆ. 1760ರ ದಶಕದಲ್ಲಿ ಗ್ಲಾಸ್ಗೋ ನಗರದ ಅಧ್ಯಾಪಕ ಜೋಸೆಫ್ ಬ್ಲ್ಯಾಕ್ ಎಂಬವರು ಆವಿಯಲ್ಲಿ ಅಡಗಿರುವ ಗುಪ್ತೋಷ್ಣವನ್ನು ಅಳೆದು ತೋರಿಸಿದರು. ಒಂದು ಗ್ರಾಂ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಏರಿಸಲು ನೂರು ಕ್ಯಾಲೊರಿ ಸಾಕು. ಅದನ್ನೇ ಆವಿಯಾಗಿಸಲು ಇನ್ನೂ ಸುಮಾರು 540 ಬೇಕು. ಮದ್ಯಸಾರಕ್ಕೆ ಸುಮಾರು 200. ಆವಿ ಮರಳಿ ದ್ರವವಾಗುವಾಗ ಈ ಋಣವನ್ನೆಲ್ಲ ತೀರಿಸಿಯೇ ತೀರಬೇಕು. ಆದುದರಿಂದ ನಳಿಗೆಯ ಸುತ್ತಣ ನೀರು ಬೇಗನೆ ಬಿಸಿಯಾಗುವುದು. ಅದನ್ನು ಕೆಳಗಿನಿಂದ ಹೊಸದಾಗಿ ಹರಿಯಿಸುತ್ತಿರಬೇಕು.

ತಣಿಸುವ ನೀರು ಸಾಲದೆಹೋದರೆ ಆವಿಯು ಹೊರಗೆ ನುಸುಳುವುದು. ಕಣ್ಣಿಗೆ ಕಾಣುವ ಬಿಳಿಯ ಮಂಜು ಆವಿಯಲ್ಲ, ಸೂಕ್ಷ್ಮವಾದ ಹನಿಗಳು; ನಿಜವಾದ ಆವಿ ಅಗೋಚರ. ಮದ್ಯಸಾರದ ಆವಿ ಗಾಳಿಗಿಂತ ಸುಮಾರು ಒಂದೂವರೆ ಪಾಲು ಭಾರವಾದುದು. ಅದು ಮೇಲಕ್ಕೆ ಹಾರಿಹೋಗದೆ ನೆಲದ ಮೇಲೆ ಹರಡಿ ಒಲೆಯ ಬೆಂಕಿಯನ್ನು ಹುಡುಕಿಕೊಂಡು ಹೋಗುವುದು. ಗಾಳಿಯಲ್ಲಿ ನೂರಕ್ಕೆ ಮೂರೂಕಾಲು ಪಾಲು ಬೆರೆತರೆ ಸಾಕು, ಕಿಡಿಗೆ ಸಿಡಿಯುವುದು. ನಳಿಗೆಯೇ ಕಟ್ಟಿಕೊಂಡರಂತೂ ಪಾತ್ರೆಯೇ ಸ್ಫೋಟಿಸಬಹುದು. ನೀರು ಆವಿಯಾಗುವಾಗ ಸುಮಾರು 1,700 ಪಾಲು ಹಿಗ್ಗುವುದೆಂಬುದನ್ನು ನೆನೆದರೆ ಇದು ಅಚ್ಚರಿಯಲ್ಲ.

ತಣಿದು ಇಳಿಯುವ ಹನಿಗೂ ಒಂದು ಗುಣವುಂಟು: ತಾನು ಹಾದುಬಂದ ಲೋಹವನ್ನು ಅದು ಕರಗಿಸಬಲ್ಲುದು. ಸೀಸದ ತಲೆ, ಸೀಸದ ನಳಿಗೆಗಳಲ್ಲಿ ರಮ್ ಇಳಿಸಕೂಡದೆಂದು ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತು 1723ರಲ್ಲಿಯೇ ಶಾಸನ ಮಾಡಿತು. ಎರಡು ಶತಮಾನಗಳ ತರುವಾಯವೂ ಅದೇ ದೇಶದ ಕಳ್ಳಭಟ್ಟಿಗಾರರು ಸೀಸದ ಬೆಸುಗೆಯುಳ್ಳ ಹಳೆಯ ಮೋಟಾರು ರೇಡಿಯೇಟರುಗಳಲ್ಲಿ ಆವಿಯನ್ನು ತಣಿಸಿ, ಕುಡಿದವರಿಗೆ ಸೀಸದ ವಿಷವುಣಿಸಿದರು.

ಎಲ್ಲಕ್ಕಿಂತ ಅಪಾಯಕರವಾದುದು ಭಟ್ಟಿಯು ವಿಷವನ್ನು ಬೇರ್ಪಡಿಸುವುದೆಂಬ ನಂಬಿಕೆ. ಮೆಥಿಲ್ ಮದ್ಯಸಾರವು 65 ಡಿಗ್ರಿಯಲ್ಲಿ ಕುದಿಯುವುದು. ಮೊದಲ ಹನಿಗಳನ್ನು ಚೆಲ್ಲಿದರೆ ಅದು ತೊಲಗಿತೆಂದು ಹೇಳುವರು. ಮಿಶ್ರಣದಲ್ಲಿ ಯಾವುದೂ ಒಂಟಿಯಾಗಿ ಕುದಿಯುವುದಿಲ್ಲವೆಂದು ಈಗತಾನೆ ಕಂಡೆವು. ಅದು ಮೊದಲಿನಿಂದ ಕೊನೆಯವರೆಗೂ ಆವಿಯೊಡನೆ ಬರುತ್ತಲೇ ಇರುವುದು. ಬಣ್ಣದಿಂದಲೂ ರುಚಿಯಿಂದಲೂ ಗುರುತಿಸಲಾಗದು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೆಡಿಸುವುದು, ಪ್ರಾಣವನ್ನೂ ತೆಗೆಯುವುದು. ಧಾನ್ಯ ಬೆಲ್ಲಗಳ ಹುಳಿತದಲ್ಲಿ ಅದು ಅತ್ಯಲ್ಪ. ಸಾಮೂಹಿಕ ಮರಣಗಳಿಗೆ ಬಹುಮಟ್ಟಿಗೆ ಕಾರಣ, ಕೈಗಾರಿಕೆಯ ಮೆಥಿಲ್ ಮದ್ಯಸಾರವನ್ನು ಲಾಭದಾಸೆಯಿಂದ ಬೆರಸುವುದು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿಯೇ ಇಂತಹ ಮದ್ಯದಿಂದ ಮುನ್ನೂರಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ಬಹುಪಾಲು ಕೂಲಿಯಿಂದ ಬದುಕುವ ಬಡವರು.

ಪರವಾನಗಿಯಿಲ್ಲದ ಭಟ್ಟಿಯನ್ನು ನಮ್ಮ ಅಬಕಾರಿ ಶಾಸನವು ನಿಷೇಧಿಸಿದೆ. ಆ ನಿಷೇಧಕ್ಕೆ ಬೊಕ್ಕಸದ ಲೆಕ್ಕವೊಂದೇ ಕಾರಣವೆಂದು ಹಾಸ್ಯಮಾಡುವವರು ಮೇಲಿನ ಸಂಗತಿಗಳನ್ನೂ ಗಣನೆಗೆ ತೆಗೆದುಕೊಳ್ಳುವುದು ಒಳ್ಳೆಯದು. ಆವಿಗೆ ಒಳಿತು ಕೆಡುಕುಗಳ ವಿವೇಕವಿಲ್ಲ. ಪಾತ್ರೆಯಲ್ಲಿ ಹಾರಬಲ್ಲುದೇನಿದ್ದರೂ ಅದನ್ನು ಹೊತ್ತು ತಂದು ತೊಟ್ಟಿಕ್ಕುವುದಷ್ಟೇ ಅದರ ಧರ್ಮ. ವಿವೇಕವನ್ನು ನಾವೇ ಒದಗಿಸಬೇಕು.