ಬೆರಳಚ್ಚು ಹೊಂದದಿದ್ದರೆ ಯಾರನ್ನ ಕೇಳೋದು?



ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಅಂದ ಕೂಡಲೇ ನೆನಪಾಗೋದು ಸಂತ ಸೇವಾಲಾಲರು ಹುಟ್ಟಿದ ಭಾಯಾಗಡ್, ಫೆಬ್ರವರಿಯ ಜಯಂತಿ, ಲಕ್ಷಾಂತರ ಬಂಜಾರರು ಸೇರುವ ಜಾತ್ರೆ. ಇವತ್ತು ಜಾತ್ರೆ ಮುಗಿದ ಮೇಲಿನ ಮಾತು ಆಡೋಣ.

ತಾಂಡಾಗಳಲ್ಲಿ ದುಡಿಯುವ ಕೈಗಳು ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ ಅಂತ ಗುಳೆ ಹೋಗ್ತವೆ. ಮನೆಯಲ್ಲಿ ಉಳಿಯೋರು ಅಜ್ಜಿ, ಮೊಮ್ಮಕ್ಕಳು. ವೃದ್ಧಾಪ್ಯ ವೇತನ, ಗೃಹಲಕ್ಷ್ಮಿಯ 2,000 ರೂಪಾಯಿ, ಉದ್ಯೋಗ ಖಾತ್ರಿ ಕೂಲಿ ಎಲ್ಲವೂ ಈಗ ಖಾತೆಗೇ ಬರುತ್ತೆ. ಖಾತೆಗೆ ಬಂದದ್ದು ಕೈಗೆ ಬರಬೇಕಲ್ಲ? ತೊಡಕು ಅಲ್ಲೇ.

ಶಾಖೆ ದೂರ ಇದ್ದ ಕಡೆ ‘ಬ್ಯಾಂಕ್ ಮಿತ್ರ’ ಇರ್ತಾರೆ. 2006ರಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ದಾರಿ ಮಾಡಿತು. 2017ರ ನಿಯಮದ ಪ್ರಕಾರ, ಅವರು ಒಂದೇ ಜಾಗದಲ್ಲಿ ದಿನಕ್ಕೆ 4 ಗಂಟೆ, ವಾರಕ್ಕೆ 5 ದಿನ ಸೇವೆ ಕೊಟ್ಟರೆ ಆ ಜಾಗವೂ ‘ಬ್ಯಾಂಕಿಂಗ್ ಔಟ್‌ಲೆಟ್’. ಅಂದ್ರೆ ಲೆಕ್ಕದ ಪುಸ್ತಕದಲ್ಲಿ ಊರಿಗೆ ಬ್ಯಾಂಕ್ ಬಂತು. ಆದರೆ ಸಣ್ಣ ಯಂತ್ರ ಹಿಡಿದು ಕೂತವರು ಸಾಲ ಮಂಜೂರು ಮಾಡಲ್ಲ. ತೀರಿಕೊಂಡ ಗಂಡನ ಖಾತೆಯ ಹಣಕ್ಕೆ ಅರ್ಜಿ ಇತ್ಯರ್ಥ ಮಾಡಲ್ಲ.

ಇನ್ನು ಬೆರಳು. ಕುಡುಗೋಲು ಹಿಡಿದು, ಮಣ್ಣು ಹೊತ್ತು ಗೆರೆ ಸವೆದ ಬೆರಳನ್ನ ಯಂತ್ರ ಗುರುತಿಸಲ್ಲ. ಶಾಖೆಯಾದರೆ ಪಾಸ್‌ಬುಕ್ ನೋಡಿ, ಚೀಟಿ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುವ ದಾರಿ ಇದೆ. ಯಂತ್ರಕ್ಕೆ ಮುಖಪರಿಚಯ ಇಲ್ಲ.

ಮನೆ ಬಾಗಿಲಿನ ಬ್ಯಾಂಕಿಂಗ್ ನಮಗೇನು ಹೊಸದಲ್ಲ. 1928ರಲ್ಲೇ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಶುರು ಮಾಡಿದ್ರು. ಏಜೆಂಟರು ಮನೆಮನೆಗೆ ಹೋಗಿ ಪುಡಿಗಾಸು ಸಂಗ್ರಹಿಸೋರು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯ್ತು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಬೋರ್ಡು ಬದಲಾದಾಗೆಲ್ಲ ಅಜ್ಜಿ ಕೇಳೋದು ಒಂದೇ: ‘ನನ್ನ ಪುಸ್ತಕ ಇನ್ನೂ ನಡೀತದಾ?’

ಹಾಗಾದ್ರೆ ಏನು ಮಾಡಬೇಕು? ನಾಲ್ಕು ಮಾತು ನೆನಪಿಡಿ.

ಒಂದು, ಬ್ಯಾಂಕ್ ಪರವಾಗಿ ಕೊಡುವ ಸೇವೆಗೆ ಬ್ಯಾಂಕ್ ಮಿತ್ರರು ಗ್ರಾಹಕರಿಂದ ನೇರವಾಗಿ ಕಮಿಷನ್ ತಗೊಳ್ಳೋ ಹಾಗಿಲ್ಲ. ನೂರಕ್ಕೆ ಇಷ್ಟು ಅಂತ ಕೇಳಿದ್ರೆ ಅದು ತಪ್ಪು.

ಎರಡು, ಪ್ರತಿ ಸಲ ರಸೀದಿ ಕೇಳಿ. ಖಾತೆಯಲ್ಲಿ ಕಡಿತವಾಗಿ ಕೈಗೆ ದುಡ್ಡು ಬರದಿದ್ರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಮೂರು, 2025ರ ಜೂನ್‌ನಿಂದ ಕೆವೈಸಿ ನವೀಕರಣವನ್ನ ಬ್ಯಾಂಕ್ ಮಿತ್ರರ ಮೂಲಕವೂ ಮಾಡಿಸಬಹುದು. ಗುಳೆಯಿಂದ ಹಬ್ಬಕ್ಕೆ ಬಂದಾಗಲೇ ಮುಗಿಸಿಕೊಳ್ಳಿ.

ನಾಲ್ಕು, 70 ದಾಟಿದವರಿಗೆ, ಅಶಕ್ತರಿಗೆ ಮನೆಗೇ ಬಂದು ಸೇವೆ ಕೊಡಿ ಅಂತ 2017ರಲ್ಲೇ ಬ್ಯಾಂಕುಗಳಿಗೆ ಸೂಚನೆ ಹೋಗಿದೆ. ಕೇಳಿದ್ರೆ ತಾನೇ ಸಿಗೋದು? ಗ್ರಾಮಸಭೆಯಲ್ಲಿ ಕೇಳಿ, ಠರಾವು ಬರೆಸಿ.

ಜಾತ್ರೆಗೆ ದಾರಿ, ನೀರು, ಬಸ್ಸು ಎಲ್ಲ ಹೊಂದಿಸ್ತೀವಿ. ಅಜ್ಜಿಯ ಪಿಂಚಣಿಗೂ ತಿಂಗಳಿಗೊಂದು ದಿನ ಹೊಂದಿಸೋದು ಕಷ್ಟವೇನಲ್ಲ.