ರಕ್ಕಸನ ನಗೆಯ ಧಾಟಿ

(ಬಾನುಲಿ ಭಾಷಣ)

ಹಳೆಯ ಚಲಚ್ಚಿತ್ರಗಳಲ್ಲಿ ರಾಕ್ಷಸನು ತೆರೆಯ ಮೇಲೆ ಕಾಣಿಸಿಕೊಳ್ಳುವುದಕ್ಕೆ ಒಂದು ಗಳಿಗೆ ಮೊದಲೇ ಅವನ ಸಂಗೀತ ಬಂದಿರುತ್ತದೆ. ಆ ಸಂಗೀತ ಅವನಿಗಾಗಿಯೇ ಹುಟ್ಟಿದ್ದೋ, ಇಲ್ಲವೆ ಇನ್ನಾರದೋ ಮನೆಯಿಂದ ಎರವಲು ತಂದದ್ದೋ ಎಂದು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಬೆಚ್ಚಿಬಿದ್ದವನು ಹಾಡಿನ ಗೋತ್ರ ವಿಚಾರಿಸುವುದುಂಟೆ? ನಾನು ಈ ವಿಚಾರಕ್ಕೆ ಕೈಹಾಕಬೇಕಾಗಿ ಬಂದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಕಡೆಯಲ್ಲಿ ನಿವೇದಿಸುತ್ತೇನೆ.

ನನ್ನ ಊರು ಚಿಕ್ಕನರಗುಂದ. ಎರಿಯ ನೆಲ, ಜೋಳ, ಹತ್ತಿ, ದೂರಕ್ಕೆ ನರಗುಂದದ ಗುಡ್ಡ. ನಾನು ಹುಡುಗನಾಗಿದ್ದಾಗ ಸುಗ್ಗಿ ಮುಗಿದ ಮೇಲೆ ಟೆಂಟಿನ ಸಿನಿಮಾ ಬರುತ್ತಿತ್ತು. ಹಿರಿಯರು ಬಂಡಿ ಕಟ್ಟಿಕೊಂಡು, ನಾವು ಬಂಡಿಯ ಹಿಂದೆ ನಡೆದುಕೊಂಡು ಹೋಗುತ್ತಿದ್ದೆವು. ಹಾಗೆ ಹೋಗಿ ನೋಡಿದ ಚಿತ್ರಗಳಲ್ಲಿ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ‘ಮಾಯಾಬಜಾರ್’. ಎಸ್. ವಿ. ರಂಗರಾವ್ ಅವರ ಘಟೋತ್ಕಚನು ಮದುವೆಯ ಅಡಿಗೆಯನ್ನೆಲ್ಲ ಎದುರಿಗಿಟ್ಟುಕೊಂಡು ಕುಳಿತು, ಒಂದೊಂದು ಭಕ್ಷ್ಯವನ್ನೂ ಕೊಂಡಾಡುತ್ತ, ನಡುನಡುವೆ ಗಹಗಹಿಸಿ ನಗುತ್ತ ಹಾಡುತ್ತಾನಲ್ಲ, ಆ ‘ವಿವಾಹ ಭೋಜನವಿದು’ ಹಾಡನ್ನು ಅರಿಯದ ಕನ್ನಡಿಗರು ವಿರಳ. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ ಯಾರಾದರೊಬ್ಬರು ಅದನ್ನು ಗುನುಗದೆ ಇರುವುದಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂದು 1960ರ ದಶಕದಲ್ಲಿ ಬೀದಿಗಿಳಿದವರ ಮನೆಯ ಮದುವೆಗಳಲ್ಲಿಯೂ ಅದು ಕೇಳಿಸಿದ್ದರೆ ನನಗೆ ಆಶ್ಚರ್ಯವಿಲ್ಲ. ಈ ಹಾಡಿಗೆ ಮತ್ತೆ ಬರುತ್ತೇನೆ.

ಮೊದಲು ಹೊರನಾಡಿನ ಮಾತು. ಮೂಕಿಚಿತ್ರಗಳ ಕಾಲದಲ್ಲಿ ತೆರೆಯ ಪಕ್ಕದಲ್ಲಿ ಕುಳಿತ ಪಿಯಾನೋ ವಾದಕನೇ ಸಂಗೀತವನ್ನು ಒದಗಿಸಬೇಕಾಗಿತ್ತು. ಅವನ ಅನುಕೂಲಕ್ಕಾಗಿ 1924ರಲ್ಲಿ ಎರ್ನೋ ರಾಪೇ ಎಂಬಾತ ಒಂದು ದೊಡ್ಡ ಸಂಕಲನವನ್ನು ಅಚ್ಚುಹಾಕಿಸಿದ. ಅದರ ಪುಟದಂಚಿನಲ್ಲಿ ಭಾವಗಳ ಪಟ್ಟಿ ಇರುತ್ತದೆ. ಬೆನ್ನಟ್ಟುವಿಕೆಗೆ ಈ ಪುಟ, ಪ್ರೇಮಕ್ಕೆ ಈ ಪುಟ, ಕೇಡಿಗೆ ಈ ಪುಟ; ಹೀಗೆ ಐವತ್ತಕ್ಕೂ ಹೆಚ್ಚು. ನಮ್ಮ ಆಲಂಕಾರಿಕರು ಒಂಬತ್ತಕ್ಕೆ ತೃಪ್ತರಾದರು. ಭಯಾನಕದ ಪುಟವನ್ನು ಆತ ತೆರೆದನೆಂದರೆ ಅಲ್ಲಿದ್ದದ್ದು ಯಾವುದೋ ಹಳೆಯ ವಾದ್ಯಕೃತಿ, ಇನ್ನಾವುದೋ ಪ್ರಸಂಗಕ್ಕಾಗಿ ಬರೆದದ್ದು. ಮಾತಿನ ಚಿತ್ರಗಳು ಬಂದಮೇಲೂ ಈ ಪದ್ಧತಿ ಥಟ್ಟನೆ ನಿಲ್ಲಲಿಲ್ಲ. 1931ರ ‘ಡ್ರಾಕುಲಾ’ ಚಿತ್ರದ ಆರಂಭದಲ್ಲಿ ಕೇಳುವುದು ಚೈಕೋವ್‌ಸ್ಕಿಯ ‘ಹಂಸಸರೋವರ’ ನೃತ್ಯನಾಟಕದ ಸಂಗೀತ. ಶಾಪಗ್ರಸ್ತ ರಾಜಕುಮಾರಿಯ ಅಳಲಿಗಾಗಿ ಹುಟ್ಟಿದ ಸ್ವರಗಳು ರಕ್ತ ಹೀರುವ ಪ್ರೇತದ ಬಾಗಿಲು ಕಾಯಲು ನಿಂತವು. ಮರುವರ್ಷದ ‘ಮಮ್ಮಿ’ ಚಿತ್ರದಲ್ಲಿ ಅವೇ ಸ್ವರಗಳು ಮತ್ತೊಮ್ಮೆ ಚಾಕರಿಗೆ ಬಂದವು.

1933ರ ‘ಕಿಂಗ್ ಕಾಂಗ್’ ಚಿತ್ರಕ್ಕೂ ಹಳೆಯ ಸಂಗೀತದ ತುಣುಕುಗಳನ್ನೇ ಹೊಂದಿಸಿಬಿಡು ಎಂದು ಸಂಸ್ಥೆಯವರು ಮ್ಯಾಕ್ಸ್ ಸ್ಟೈನರ್‌ಗೆ ಹೇಳಿದ್ದರಂತೆ. ನಿರ್ಮಾಪಕ ಕೂಪರ್ ಒಪ್ಪದೆ ಹೊಸ ಸಂಗೀತದ ವೆಚ್ಚವನ್ನು ತಾನು ಹೊರುವೆನೆಂದ. ಆ ಭಾರಿ ವಾನರ ಕೇವಲ ಗೊಂಬೆ, ಅದಕ್ಕೆ ಜೀವ ಬರಬೇಕಾದರೆ ಸಂಗೀತದಿಂದಲೇ ಬರಬೇಕು ಎಂಬುದು ಬಲ್ಲವರಿಗೆ ಹೊಳೆದಿತ್ತು. ಆದರೆ ಸ್ವಂತದ್ದೆಂದು ಬರೆದುದು ಸ್ವಂತದ್ದಾಗಿಯೇ ಉಳಿಯುವುದೂ ಕಷ್ಟ. 1935ರ ‘ಫ್ರಾಂಕೆನ್‌ಸ್ಟೈನನ ವಧು’ ಚಿತ್ರಕ್ಕೆಂದು ಫ್ರಾಂಜ್ ವಾಕ್ಸ್‌ಮನ್ ಬರೆದ ಸಂಗೀತವನ್ನು ಅದೇ ಸಂಸ್ಥೆಯವರು ಆಮೇಲೆ ಆಕಾಶಯಾನದ ಸಾಹಸಚಿತ್ರಗಳಿಗೆ ಕತ್ತರಿಸಿ ಹಚ್ಚಿದರು. ಜಪಾನಿನಲ್ಲಿ 1954ರಲ್ಲಿ ‘ಗಾಡ್ಜಿಲ್ಲಾ’ ಬಂದಾಗ ಆ ಪ್ರಾಣಿಯ ಘರ್ಜನೆಗೆಂದು ಅಕಿರಾ ಇಫುಕುಬೆ ದೊಡ್ಡ ತಂತಿವಾದ್ಯವೊಂದರ ತಂತಿಯನ್ನು ಸಡಿಲಿಸಿ ತೊಗಲಿನ ಕೈಗವಸಿನಿಂದ ಉಜ್ಜಿಸಿದ. ಜಗತ್ತಿನಲ್ಲಿ ಅದಕ್ಕೆ ಮುನ್ನ ಇಲ್ಲದಿದ್ದ ಒಂದು ಕೂಗು ಹುಟ್ಟಿತು. ಆದರೂ ಚಿತ್ರದ ಮುಖ್ಯ ಸ್ವರಪಂಕ್ತಿಯು ಆತ ಕೆಲವು ವರ್ಷ ಹಿಂದೆ ಬರೆದಿದ್ದ ಪಿಟೀಲಿನ ಕೃತಿಯೊಂದರಲ್ಲಿ ಆಗಲೇ ಇದ್ದಿತು. ತನ್ನ ಗಂಟನ್ನೇ ತಾನು ಸಾಲ ತಂದಂತೆ.

ನಮ್ಮ ಕಡೆಗೆ ಬಂದರೆ, ಸಿನಿಮಾ ರಾಕ್ಷಸನು ನಾಟಕದ ರಾಕ್ಷಸನ ಮಗ. ನಾಟಕದ ರಾಕ್ಷಸನು ಆಟದ ರಾಕ್ಷಸನ ಮಗ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತರು ಸಾಂಗಲಿಗೆ ಹೋಗಿ ಆಟ ತೋರಿಸಿದರು. ಅಲ್ಲಿಯ ಅರಸನ ಇಚ್ಛೆಯಂತೆ ವಿಷ್ಣುದಾಸ ಭಾವೆಯವರು ಮರುವರ್ಷ ‘ಸೀತಾಸ್ವಯಂವರ’ವನ್ನು ಮರಾಠಿಯಲ್ಲಿ ಆಡಿಸಿದರು. ಆ ಬಗೆಯ ನಾಟಕಗಳಲ್ಲಿ ರಾಕ್ಷಸರ ಆರ್ಭಟ ಎಷ್ಟಿತ್ತೆಂದರೆ, ಅವರ ಕೂಗನ್ನೇ ಹೆಸರಾಗಿಸಿ ಮರಾಠಿಗರು ‘ಅಲಲಡುರ್ರ’ ನಾಟಕಗಳೆಂದು ಹಾಸ್ಯಮಾಡಿದರು. ಕನ್ನಡದ ರಕ್ಕಸ ಮರಾಠಿ ಕಲಿತು, ಕಂಪನಿಯ ಡೇರೆಯೊಡನೆ ನಮ್ಮ ನಾಡಿಗೆ ಮರಳಿ ಬಂದ. ಮರಾಠಿ ನಾಟಕಗಳ ಈ ಹಾವಳಿಯನ್ನು ಕಂಡು ನೊಂದು ಶಾಂತಕವಿಗಳು 1870ರ ದಶಕದಲ್ಲಿ ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ‘ಉಷಾಹರಣ’ವನ್ನು ಆಡಿಸಿದರೆಂಬುದು ನಿಮಗೆ ತಿಳಿದದ್ದೇ. ಅಲ್ಲಿಯೂ ಬಾಣಾಸುರ ಉಂಟು.

ಈ ಹೋಗಿಬರುವಿಕೆಯಲ್ಲಿ ಮಟ್ಟುಗಳೂ ಬಂಡಿ ಏರಿದವು. ಹಳೆಯ ಕಂಪನಿ ನಾಟಕಗಳ ಅಚ್ಚಿನ ಪುಸ್ತಕ ತೆರೆದು ನೋಡಿ. ಪ್ರತಿಯೊಂದು ಪದದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ‘ಧಾಟಿ’ ಅಥವಾ ‘ಮಟ್ಟು’ ಎಂದು ಬರೆದು, ಮರಾಠಿಯದೋ ಹಿಂದುಸ್ತಾನಿಯದೋ ಇನ್ನೊಂದು ಹಾಡಿನ ಮೊದಲ ಮಾತು ಕೊಟ್ಟಿರುತ್ತಾರೆ. 1934ರ ಮಾರ್ಚ್ 3ರಂದು ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದದ್ದೂ ಈ ಮನೆಯಿಂದಲೇ. ಇಂದ್ರಜಿತುವಿನ ಮಡದಿಯ ಕಥೆ, ಚಿತ್ರೀಕರಣ ಕೊಲ್ಲಾಪುರದಲ್ಲಿ, ಮಾತು, ಹಾಡು ಬೆಳ್ಳಾವೆ ನರಹರಿಶಾಸ್ತ್ರಿಗಳವು. ರಾವಣನ ಪಾತ್ರ ವಹಿಸಿದ ಆರ್. ನಾಗೇಂದ್ರರಾಯರೇ ಸಂಗೀತದ ಹೊಣೆಯನ್ನೂ ಹೊತ್ತಿದ್ದರು. ರಾಕ್ಷಸನೇ ತನ್ನ ಸಂಗೀತವನ್ನು ತಾನು ಆರಿಸಿಕೊಂಡ ಪ್ರಸಂಗ ಲೋಕದ ಚಿತ್ರರಂಗದಲ್ಲಿ ಎಷ್ಟಿದೆಯೋ! ದುರ್ದೈವದಿಂದ ಆ ಚಿತ್ರದ ಪ್ರತಿ ಉಳಿದಿಲ್ಲ. ನಮ್ಮ ಮೊದಲ ಚಿತ್ರದ ರಾವಣ ಹೇಗೆ ಹಾಡಿದನೆಂಬುದನ್ನು ಇಂದು ಯಾರೂ ಕೇಳಲಾರರು.

ಈಗ ಘಟೋತ್ಕಚನ ನಗೆಗೆ ಬರೋಣ. 1957ರ ‘ಮಾಯಾಬಜಾರ್’ ಚಿತ್ರಕ್ಕೆ ಎಸ್. ರಾಜೇಶ್ವರರಾವ್ ನಾಲ್ಕು ಹಾಡುಗಳಿಗೆ ಮಟ್ಟು ಹಾಕಿ ಬಿಟ್ಟುಹೋದರು. ಉಳಿದುದನ್ನು ಘಂಟಸಾಲ ಪೂರೈಸಿದರು. ತೆಲುಗಿನಲ್ಲಿ ಹಾಡನ್ನು ಬರೆದವರು ಪಿಂಗಳಿ ನಾಗೇಂದ್ರರಾವ್, ಹಾಡಿದವರು ಮಾಧವಪೆದ್ದಿ ಸತ್ಯಂ. ಆದರೆ ಈ ಭೋಜನದ ಹಾಡು ಚಿತ್ರಕ್ಕೆ ಮೊದಲೇ ತೆಲುಗು ರಂಗಭೂಮಿಯ ಗ್ರಾಮಫೋನ್ ಮುದ್ರಿಕೆಗಳಲ್ಲಿ ಇನ್ನೊಂದು ರೂಪದಲ್ಲಿ ಇದ್ದಿತು. ಅದರ ಮಟ್ಟಿನ ಬೇರು ಇನ್ನೂ ದೂರ ಹೋಗುತ್ತದೆ. 1922ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಪೆನ್‌ರೋಸ್ ಎಂಬ ವಿನೋದಗಾಯಕ ನಗುವ ಪೋಲೀಸನ ಮೇಲೊಂದು ಹಾಡು ಮುದ್ರಿಸಿದ. ಕೆಲವು ವರ್ಷಗಳ ಕೆಳಗೆ ಮಿತ್ರರೊಬ್ಬರ ಮನೆಯಲ್ಲಿ ನಾನದನ್ನು ಕೇಳಿದೆ. ಎರಡು ಸಾಲು ಮುಗಿಯುವುದರೊಳಗೆ ಟೆಂಟಿನ ಮಣ್ಣಿನ ವಾಸನೆ ಮೂಗಿಗೆ ಬಂದಿತು. ಅದೇ ನಡೆ, ಅದೇ ಜಾಗದಲ್ಲಿ ಅದೇ ಗಹಗಹ!

ಪೆನ್‌ರೋಸನ ಹಾಡೂ ಅವನದಲ್ಲ. ಅಮೆರಿಕದಲ್ಲಿ ಜಾರ್ಜ್ ಜಾನ್ಸನ್ ಎಂಬ ಕಪ್ಪು ಜನಾಂಗದ ಗಾಯಕನಿದ್ದ. ಗುಲಾಮಗಿರಿ ಇನ್ನೂ ಇದ್ದ ದಿನಗಳಲ್ಲಿ, 1846ರ ಸುಮಾರಿಗೆ, ವರ್ಜೀನಿಯಾದಲ್ಲಿ ಹುಟ್ಟಿದವನು. ನ್ಯೂಯಾರ್ಕಿನ ದೋಣಿಕಟ್ಟೆಗಳಲ್ಲಿ ಸಿಳ್ಳು ಹಾಕಿ, ಹಾಡಿ, ಕಾಸು ಕೂಡಿಸುತ್ತಿದ್ದ. 1890ರ ಸುಮಾರಿಗೆ ಧ್ವನಿಮುದ್ರಣದವರು ಅವನನ್ನು ಕರೆದೊಯ್ದು ‘ನಗುವಿನ ಹಾಡ’ನ್ನು ಹಾಡಿಸಿದರು. ಅದರ ವಸ್ತುವೇನು? ಅವನದೇ ಕಪ್ಪು ಬಣ್ಣವನ್ನು ಕುರಿತ ಜನರ ಹೀಯಾಳಿಕೆ. ತನ್ನನ್ನು ಹಂಗಿಸುವ ಮಾತನ್ನು ತಾನೇ ಹಾಡಿ, ತಾನೇ ತಾಳಬದ್ಧವಾಗಿ ನಗಬೇಕು. ಅದಕ್ಕೆ ಬಿಳಿಯರು ದುಡ್ಡು ಕೊಟ್ಟರು. ಆಗ ಒಂದು ಮುದ್ರಿಕೆಯಿಂದ ಸಾವಿರ ಪ್ರತಿ ತೆಗೆಯುವ ಉಪಾಯವಿರಲಿಲ್ಲ. ನಾಲ್ಕಾರು ಯಂತ್ರಗಳನ್ನು ಎದುರಿಗಿಟ್ಟು ಮತ್ತೆ ಮತ್ತೆ ಹಾಡಬೇಕು. ಒಂದು ಸಲಕ್ಕೆ ಇಪ್ಪತ್ತು ಸೆಂಟು ಕೂಲಿ. ಒಂದೇ ದಿನ ಐವತ್ತು ಸಲ ಹಾಡಿದ್ದೂ ಉಂಟೆನ್ನುತ್ತಾರೆ. ಐವತ್ತು ಸಲ ಹಾಗೆ ನಗುವುದೆಂದರೆ ಏನೆಂದು ಯೋಚಿಸಿ ನೋಡಿ. ಮುಂದೆ ಪ್ರತಿ ತೆಗೆಯುವ ಯಂತ್ರ ಬಂದಿತು, ಅವನ ಅವಶ್ಯಕತೆ ತೀರಿತು. ಕಡೆಗಾಲದಲ್ಲಿ ಒಂದು ಕಚೇರಿಯ ಬಾಗಿಲು ಕಾಯುತ್ತಿದ್ದು, 1914ರಲ್ಲಿ ಬಡತನದಲ್ಲಿ ತೀರಿಕೊಂಡ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು ಅವನ ಹಾಡನ್ನು ಕಾಪಾಡಬೇಕಾದ ಧ್ವನಿಮುದ್ರಿಕೆಗಳ ಸಾಲಿಗೆ ಸೇರಿಸಿದ್ದು 2013ರ ಪಟ್ಟಿಯಲ್ಲಿ.

ಆ ನಗೆ ಪೋಲೀಸನ ಬಾಯಿಗೆ ಬಂದಾಗ ಹಂಗಿಸುವ ಮಾತು ಉದುರಿತು. ಜಾನ್ಸನ್ನನ ಹೆಸರೂ ಉದುರಿತು. ಘಟೋತ್ಕಚನ ಬಾಯಿಗೆ ಬಂದಾಗ ಅದು ನಗಿಸಿಕೊಳ್ಳುವವನ ನಗೆಯಾಗಿ ಉಳಿಯಲಿಲ್ಲ, ಹೊಟ್ಟೆತುಂಬ ಉಣ್ಣುವವನ ನಗೆಯಾಯಿತು. ಕಾಡಿನಲ್ಲಿ ಬೆಳೆದ, ಅರಮನೆಯವರು ರಕ್ಕಸನೆಂದು ದೂರವಿಟ್ಟವನು ಅರಮನೆಯ ಎಡೆಗೇ ಕುಳಿತು ನಗುತ್ತಾನೆ. ಇದನ್ನು ಯಾರೂ ಯೋಜಿಸಿ ಮಾಡಿದ್ದಲ್ಲ. ಆದರೂ ಈ ಎರವಲಿನಲ್ಲಿ ಒಂದು ನ್ಯಾಯ ನಡೆದಿದೆಯೆಂದೇ ನನಗೆ ತೋರುತ್ತದೆ.

ಇನ್ನು ನನ್ನ ತಪ್ಪಿನ ಮಾತು. ಅಧ್ಯಾಪಕನಾಗಿದ್ದಾಗ ನಮ್ಮೂರ ದೊಡ್ಡಾಟದ ಹಿರಿಯ ಭಾಗವತರೊಬ್ಬರ ಮನೆಯಿಂದ ‘ಇಂದ್ರಜಿತು ಕಾಳಗ’ದ ಕೈಬರಹದ ವಹಿಯನ್ನು ತಂದು ಸಂಪಾದಿಸಿದೆ. ನಮ್ಮೂರ ಪ್ರತಿಯಲ್ಲಿ ಕುಂಭಕರ್ಣನ ಪ್ರಸಂಗವೂ ಸೇರಿಕೊಂಡಿತ್ತು. ಪ್ರತಿಯೊಂದು ಪದದ ಮೇಲೂ ಧಾಟಿ ಬರೆದಿತ್ತು: ಕೆಲವು ಹಳೆಯ ಮಸಿಯಲ್ಲಿ, ಕೆಲವು ಆಮೇಲೆ ಬೇರೆ ಮಸಿಯಲ್ಲಿ. ನಾಟಕದ ಹಾಡು, ಭಜನೆಯ ಪದ, ಸಿನಿಮಾದ ಹಾಡು, ಯಾವುದೂ ಅಲ್ಲಿ ನಿಷಿದ್ಧವಲ್ಲ. ಎಂ.ಎ. ಓದಿದ ನನಗೆ ಇದು ಅಸಹ್ಯವಾಯಿತು. ಶುದ್ಧಪಾಠದ ಗೀಳು. ಸಿನಿಮಾದ ಹೆಸರು ಹೊತ್ತ ಕುಂಭಕರ್ಣನನ್ನು ವಿದ್ವತ್ಸಭೆಗೆ ಕರೆದೊಯ್ಯುವುದು ಹೇಗೆ? ಧಾಟಿಯ ಸಾಲುಗಳನ್ನೆಲ್ಲ, ಹಳೆಯವನ್ನೂ ಹೊಸವನ್ನೂ ಕೂಡಿಯೇ, ಬಿಟ್ಟು ಪ್ರತಿ ಮಾಡಿದೆ. ಛಂದಸ್ಸನ್ನು ಕುರಿತು ಹದಿನೆಂಟು ಪುಟ ಪೀಠಿಕೆ ಬರೆದೆ. ವಹಿಯನ್ನು ಮರಳಿ ಕೊಟ್ಟೆ. ಎರಡು ಮಳೆಗಾಲದಲ್ಲಿ ಭಾಗವತರ ಮನೆಯ ಮಾಳಿಗೆ ಸೋರಿ, ಗೆದ್ದಲು ಹತ್ತಿ, ವಹಿ ಮಣ್ಣಾಯಿತು.

ಹಲವು ವರ್ಷಗಳ ಮೇಲೆ ಊರಲ್ಲಿ ಹುಡುಗರು ಮತ್ತೆ ಆಟ ಕಟ್ಟಬೇಕೆಂದರು. ಅವರ ಕೈಯಲ್ಲಿದ್ದದ್ದು ನನ್ನ ಪುಸ್ತಕ. ಭಾಗವತರಿಗೆ ಆಗ ಎಂಬತ್ತು ದಾಟಿತ್ತು. ನನ್ನನ್ನು ಚಿಕ್ಕಂದಿನಿಂದ ‘ತಮ್ಮಾ’ ಎಂದೇ ಕರೆದವರು ಅಂದು ‘ಸರ’ ಎಂದರು.

“ಪದಾ ಎಲ್ಲಾ ಚಲೋ ಅಚ್ಚಾಗ್ಯಾವ್ರಿ ಸರ. ಆದ್ರ ಮ್ಯಾಲ ಬರದದ್ದು ಎಲ್ಲಿ ಹೋತ್ರಿ? ಇವನ್ನ ಈಗ ಹ್ಯಾಂಗ ಹಾಡೂದು?”

“ನಿಮಗ ನೆನಪಿಲ್ಲೇನ್ರಿ, ಅಜ್ಜಾರ?” ಎಂದೆ.

“ನೆನಪಿಡೂದು ಬ್ಯಾಡಂತನ ಬರದಿಟ್ಟಿದ್ದೆ ನೋಡ್ರಿ.”

ಹುಡುಗರು ಸುತ್ತ ಕುಳಿತಿದ್ದರು. ಅಜ್ಜ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಪದಕ್ಕೆ ಬಾಯಿ ತೆರೆದು ನೋಡಿದರು. ಇಂದ್ರಜಿತುವಿನ ಪ್ರವೇಶದ ಪದ ಒಂದು ಸಾಲು ಬಂದು ನಿಂತಿತು. ಸುಲೋಚನೆಯ ಶೋಕದ್ದು ಬರಲೇ ಇಲ್ಲ. ಅದರ ಮೇಲೆ ಹಳೆಯ ಮಸಿಯಲ್ಲಿ ಯಾವುದೋ ಮರಾಠಿ ಪದದ ಮೊದಲ ಮಾತಿತ್ತೆಂದು ನನಗೆ ನೆನಪು. ಮಾತು ಯಾವುದೆಂದು ನೆನಪಿಲ್ಲ. ಎರಡು ತಾಸು ಹೀಗೆ ನಡೆಯಿತು. ನಾನು ಪುಟ ತಿರುವುತ್ತ ಕುಳಿತಿದ್ದೆ. ನಲವತ್ತರ ಮೇಲಿದ್ದ ಪದಗಳಲ್ಲಿ ಏಳೋ ಎಂಟೋ ಕುಂಟುತ್ತ ಎದ್ದವು.

ಕುಂಭಕರ್ಣನ ಊಟದ ಪದಕ್ಕೆ ಬಂದಾಗ ಅಜ್ಜ ಪುಸ್ತಕವನ್ನು ಮಗುಚಿ ಪಕ್ಕಕ್ಕಿಟ್ಟರು. ಅದಕ್ಕೆ ಪುಸ್ತಕ ಬೇಕಾಗಿರಲಿಲ್ಲ. ಮೊದಲ ನುಡಿ ಮುಗಿದು ನಗೆಯ ಜಾಗ ಬಂದಿತು. ಹಲ್ಲಿಲ್ಲದ ಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು, ತಾಳ ತಪ್ಪದೆ ಅಜ್ಜ ನಕ್ಕರು. ಎಂದೂ ಆ ಟೆಂಟನ್ನು ಕಾಣದ ಹುಡುಗರೂ ಅದೇ ತಾಳಕ್ಕೆ ಕೂಡಿಕೊಂಡು ನಕ್ಕರು.