ಹಿಮ್ಮೇಳದ ಒಂದು ಬೆರಳು



ಹಾಡು ಕೇಳುವವರ ಕಿವಿ ಗಾಯಕನ ಕಡೆಗಿದ್ದರೂ ಕಾಲು ತಾಳ ಹಾಕುವುದು ಬೇಸ್ ಗಿಟಾರಿನ ಜತೆಗೆ. ಮೊದಲು ಈ ಕೆಲಸ ಆಳೆತ್ತರದ ಡಬಲ್ ಬೇಸ್‌ನದಾಗಿತ್ತು. ಡ್ರಮ್ಮಿನ ಅಬ್ಬರದಲ್ಲಿ ಅದರ ದನಿ ಮುಳುಗುತ್ತಿತ್ತು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ವೀಣೆಯಲ್ಲಿರುವಂತೆ ಮೆಟ್ಟಿಲುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ನಿಲ್ಲುತ್ತಿತ್ತು. ಅದಕ್ಕೇ 'ಪ್ರಿಸಿಷನ್' ಎಂಬ ಹೆಸರು.

ಡೆಟ್ರಾಯಿಟ್ ನಗರದ ಮೋಟೌನ್ ಸಂಗೀತ ಕಂಪನಿಯ ವಾದಕ ಜೇಮ್ಸ್ ಜೇಮರ್ಸನ್ ಅವರ ಬಳಿ ಇದ್ದುದು 1962ರ ಇಂಥದೇ ವಾದ್ಯ. ಅದಕ್ಕೆ ನುಣುಪಾದ, ಚಪ್ಪಟೆ ಸುತ್ತಿನ ದಪ್ಪ ತಂತಿಗಳು. ತುಂಡಾಗುವವರೆಗೆ ಅವನ್ನು ಬದಲಿಸುತ್ತಿರಲಿಲ್ಲ. ಬೆವರು, ಕೊಳೆ ಕೂತ ಹಳೆಯ ತಂತಿಯಲ್ಲಿ ಕೀರಲು ಸದ್ದು ಅಡಗುತ್ತದೆ. ಕುದುರೆಯ ಬಳಿ ಸಿಕ್ಕಿಸಿದ ಸ್ಪಂಜು ನಾದದ ಎಳೆತವನ್ನು ಮೊಟಕು ಮಾಡುತ್ತಿತ್ತು. ಮೀಟುತ್ತಿದ್ದುದು ತೋರುಬೆರಳೊಂದೇ. ಸ್ಟುಡಿಯೋದಲ್ಲಿ ವಾದ್ಯದ ಕೇಬಲ್ ನೇರವಾಗಿ ಧ್ವನಿಮುದ್ರಣದ ಮಿಕ್ಸರಿಗೆ ಹೋಗುತ್ತಿತ್ತು. ಹೀಗೆ ಹುಟ್ಟಿತು ಆ ದುಂಡನೆಯ, ಗಿಡ್ಡನೆಯ ನಾದ.

ಆದರೆ 1960ರ ದಶಕದ ಮೋಟೌನ್ ತಟ್ಟೆಗಳ ಮೇಲೆ ಸಾಮಾನ್ಯವಾಗಿ ಹಿಮ್ಮೇಳದವರ ಹೆಸರೇ ಇರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ ಅದರ ಹೊದಿಕೆಯ ಮೇಲೆ ಜೇಮರ್ಸನ್ ಹೆಸರು ಅಚ್ಚಾಯಿತು. 1983ರಲ್ಲಿ ಆ ಗಿಟಾರ್ ಕಳುವಾಯಿತು. ಅದೇ ವರ್ಷ, 47ನೆಯ ವಯಸ್ಸಿನಲ್ಲಿ, ಜೇಮರ್ಸನ್ ತೀರಿಕೊಂಡರು. 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಗೌರವ ಸಂದದ್ದು 2000ದಲ್ಲಿ.

ಅದೇ ನಾದ ಬೇಕೆಂದು ಇಂದಿಗೂ ವಾದಕರು ಚಪ್ಪಟೆ ಸುತ್ತಿನ ತಂತಿ ಕಟ್ಟುತ್ತಾರೆ, ಸ್ಪಂಜು ಸಿಕ್ಕಿಸುತ್ತಾರೆ. ಕಟ್ಟುವಾಗ ಆ ಬೆರಳಿನ ಒಡೆಯನ ಹೆಸರೂ ನೆನಪಿಗೆ ಬಂದರೆ ಹಳೆಯ ಸಾಲ ಕೊಂಚ ತೀರಿದಂತೆ.